ಬಾಳಕ್ಕ ಕಟ್ಟಿದ ಹೊಟ್ಟೆಪಟ್ಟಿ

ಇಚಲಕರಂಜಿಯ ಆ ಓಣಿಯಲ್ಲಿ ತಮಗೆ ಹೆರಿಗೆ ಮಾಡಿಸಿದ ಡಾಕ್ಟರ ಹೆಸರು ಮರೆತ ಹೆಂಗಸರಿದ್ದಾರು, ಬಾಳಕ್ಕನ ಹೆಸರು ಮರೆತವರಿಲ್ಲ. ಬಾಣಂತಿಗೆ ಎಣ್ಣೆ ಹಚ್ಚುವುದು, ಸುಡುನೀರು ಎರೆಯುವುದು, ಲೋಬಾನದ ಹೊಗೆ ಹಾಕುವುದು ಇವನ್ನೆಲ್ಲ ಮನೆಯ ಮುದುಕಿಯರು ಹೇಗೋ ಮಾಡಿಕೊಳ್ಳುತ್ತಿದ್ದರು. ಹೊಟ್ಟೆ ಕಟ್ಟುವುದಕ್ಕೆ ಮಾತ್ರ ಬಾಳಕ್ಕನೇ ಬೇಕು. ಹಳೆಯ ಧೋತರವನ್ನು ಉದ್ದಕ್ಕೆ ಮಡಚಿ, ಬಾಣಂತಿಯನ್ನು ಚಾಪೆಯ ಮೇಲೆ ಮಲಗಿಸಿ, ತನ್ನ ಮೊಣಕಾಲನ್ನು ಅವಳ ಪಕ್ಕಕ್ಕೆ ಆನಿಸಿಕೊಂಡು ಒಮ್ಮೆ ಜಗ್ಗಿ ಗಂಟು ಹಾಕಿದಳೆಂದರೆ ಅದು ಸಂಜೆಯ ತನಕ ಸಡಿಲಾಗುತ್ತಿರಲಿಲ್ಲ. ಯಾರಾದರೂ ಚೀರಿಕೊಂಡರೆ, "ಚೀರವ್ವಾ, ಚೀರು. ಮುಂದ ಕನ್ನಡಿ ಮುಂದ ನಿಂತಾಗ ನನ್ನ ನೆನಸ್ತಿ" ಎಂದು ನಗುತ್ತಿದ್ದಳು. ಲಿಂಗಾಯತರ ಮನೆ, ಜೈನರ ಮನೆ, ಮರಾಠರ ಮನೆ ಎಂಬ ಭೇದ ಅವಳಿಗಿರಲಿಲ್ಲ. ಕರೆದಲ್ಲಿ ಹೋಗುತ್ತಿದ್ದಳು, ಕೂಸಿಗೂ ನೀರೆರೆಯುತ್ತಿದ್ದಳು, ಉಡಿಗೆ ಹಾಕಿದ ಖಣ, ತೆಂಗಿನಕಾಯಿ ತೆಗೆದುಕೊಂಡು ಬರುತ್ತಿದ್ದಳು. ಅವಳ ಕೈಗುಣ ದೊಡ್ಡದು ಎಂದು ಎಲ್ಲರೂ ಹೇಳುತ್ತಿದ್ದರು. ಬೇರೆಯವರು ಹೇಳದಿದ್ದಾಗ ಅವಳೇ ಹೇಳಿಕೊಳ್ಳುತ್ತಿದ್ದಳು.

ಇಂಥ ಬಾಳಕ್ಕನ ಸೊಸೆ ರುತುಜಾ ಬಸುರಿಯಾದಳು. ಹೊಟ್ಟೆಯಲ್ಲಿ ಅವಳಿ ಮಕ್ಕಳು ಎಂದು ಸೋನೋಗ್ರಾಫಿಯಲ್ಲಿ ಗೊತ್ತಾದ ದಿನ ಬಾಳಕ್ಕ ಓಣಿಗೆಲ್ಲ ಪೇಢೆ ಹಂಚಿದಳು. ಮಗ ಅಮೋಲನಿಗೆ ಮನೆಯ ಕೆಳಗೇ ನಾಲ್ಕು ವಿದ್ಯುತ್ ಮಗ್ಗಗಳು. ಅವುಗಳ ಖಟಖಟ ಸದ್ದಿನಲ್ಲಿ ಹುಟ್ಟಿ ಬೆಳೆದ ಆ ಮನೆಯವರು ಪಕ್ಕದಲ್ಲಿ ಕುಳಿತವರೊಡನೆಯೂ ಗಟ್ಟಿಯಾಗಿಯೇ ಮಾತಾಡುತ್ತಾರೆ. ರುತುಜಾ ಗಡಹಿಂಗ್ಲಜದ ಹುಡುಗಿ, ಮೆಲುದನಿಯವಳು. ಅವಳು ಹೇಳಿದ್ದು ಆ ಮನೆಯಲ್ಲಿ ಎಷ್ಟೋ ಸಲ ಯಾರ ಕಿವಿಗೂ ಮುಟ್ಟುತ್ತಿರಲಿಲ್ಲ. ಆದರೆ ಸೊಸೆಯ ಮೇಲೆ ಬಾಳಕ್ಕನಿಗೆ ಪ್ರೀತಿಯಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಪ್ರೀತಿ ಬೇಕಾದಷ್ಟಿತ್ತು. ಕೇಳಿಸಿಕೊಳ್ಳುವ ರೂಢಿ ಇರಲಿಲ್ಲ.

ಐದು ತಿಂಗಳು ದಾಟುತ್ತಲೇ ರುತುಜಾಗೆ ಸೊಂಟ ಹಿಡಿದುಕೊಂಡಿತು. ಕುಳಿತರೆ ಏಳಲಾಗದು, ಎದ್ದರೆ ನಾಲ್ಕು ಹೆಜ್ಜೆ ಇಡಲಾಗದು. ಕೊಲ್ಹಾಪುರದ ದವಾಖಾನೆಯಲ್ಲಿ ಅವಳನ್ನು ನೋಡುತ್ತಿದ್ದವರು ಮೃಣಾಲ ಎಂಬ ಡಾಕ್ಟರು. ಅವರ ತವರೂ ಗಡಹಿಂಗ್ಲಜದ ಕಡೆಯದೇ ಆದ್ದರಿಂದ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವರು ಬಸುರಿಯರು ಕಟ್ಟಿಕೊಳ್ಳುವ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟು ತೋರಿಸಿದರು.

"ಇದು ಹೊಟ್ಟಿ ಕೆಳಗ ಬರಬೇಕ್ರಿ, ಹೊಟ್ಟಿ ಮ್ಯಾಲೆ ಅಲ್ಲ. ಭಾರ ಎತ್ತಿ ಹಿಡಿಯಾಕ ಅಷ್ಟ, ಒತ್ತಾಕ ಅಲ್ಲ. ನಿಂತು ಅಡ್ಡಾಡೂವಾಗ ಸ್ವಲ್ಪ ಹೊತ್ತು ಕಟಗೋರಿ. ಕುಂತಾಗ, ಮಲಗಿದಾಗ ಬಿಚ್ಚಬೇಕು. ಅವಳಿ ಅದಾವ, ಬಿಪಿ ಏರಬಹುದು. ಹದಿನೈದು ದಿನಕ್ಕೊಮ್ಮಿ ತೋರಸ್ರಿ. ನಡುವ ಏನರೆ ತ್ರಾಸ ಆದ್ರ ಫೋನ್ ಮಾಡ್ರಿ."

ಬಾಳಕ್ಕ ತಲೆಯಾಡಿಸಿದಳು. ತಲೆಯಾಡಿಸುತ್ತಲೇ ಆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದಳು. ಅದು ಉದ್ದಕ್ಕೆ ಎಳೆದುಕೊಂಡು ಮತ್ತೆ ಮುದುಡಿಕೊಂಡಿತು. ಹೊಟ್ಟೆ ಕಟ್ಟುವ ವಿದ್ಯೆಯನ್ನು ತನಗೇ ಕಲಿಸಿಕೊಡುತ್ತಿದ್ದಾರಲ್ಲ ಎಂದು ಅವಳಿಗೆ ಒಳಗೊಳಗೇ ನಗು. ಅಂಗಡಿಯಲ್ಲಿ ಅಂಥದೇ ಒಂದನ್ನು ಕೊಂಡರು. ಊರಿಗೆ ಬಂದು ಎರಡು ದಿನ ರುತುಜಾ ಅದನ್ನೇ ಕಟ್ಟಿಕೊಂಡಳು. ಮೂರನೆಯ ದಿನ ಬಾಳಕ್ಕ ಅದನ್ನು ಸುತ್ತಿ ಕಪಾಟಿನ ಮೇಲೆ ಒಗೆದಳು.

"ಮಗ್ಗದ ಊರಾಗ ಕುಂತು ಪ್ಯಾಟ್ಯಾಗಿನ ರಬ್ಬರ ಕಟಗೋತಿ? ಅಲ್ಲಾ, ಅದರಾಗ ಕಸುವ ಇಲ್ಲ. ಎಡ್ಡ ಕೂಸಿನ ಭಾರ ಅದೆಲ್ಲಿ ಹಿಡೀಬೇಕು?"

ಅಮೋಲನ ಮಗ್ಗದಿಂದ ಇಳಿದ ಮಾಂಜರಪಾಟನ್ನು, ಅಂದರೆ ಬಿಳುಪು ಮಾಡದ ದಪ್ಪ ಹತ್ತಿ ಬಟ್ಟೆಯನ್ನು, ಕತ್ತರಿಸಿ ಎರಡು ಪದರ ಕೂಡಿಸಿ ಅವಳೇ ಪಟ್ಟಿ ಹೊಲಿದಳು. ಹೊಲಿಗೆ ಅಚ್ಚುಕಟ್ಟಾಗಿತ್ತು, ನೂಲಿನಲ್ಲಿ ಒಂದು ಎಳೆ ಹೆಚ್ಚುಕಡಿಮೆ ಇರಲಿಲ್ಲ. ಬೆಳಿಗ್ಗೆ ಸೊಸೆಗೆ ಚಹಾ ಕೊಟ್ಟಾದ ಮೇಲೆ ತಾನೇ ನಿಂತು ಕಟ್ಟುತ್ತಿದ್ದಳು. ಬಾಣಂತಿಗೆ ಕಟ್ಟಿ ಕಟ್ಟಿ ಪಳಗಿದ ಕೈ. ಆ ಕೈಗೆ ಗೊತ್ತಿದ್ದ ಜಾಗ ಒಂದೇ, ಬಿಗಿಯೂ ಒಂದೇ. ಪಟ್ಟಿ ಹೊಟ್ಟೆಯ ಕೆಳಗೆ ನಿಲ್ಲದೆ ಮೇಲಕ್ಕೇರಿ, ಎದೆಗೂಡಿನ ತನಕ ಸುತ್ತಿಕೊಂಡಿತು. ಖಾಲಿಯಾದ ಹೊಟ್ಟೆಗೆ ಕಟ್ಟುವುದು ಬೇರೆ, ತುಂಬಿದ ಹೊಟ್ಟೆಗೆ ಕಟ್ಟುವುದು ಬೇರೆ ಎಂಬುದು ಇಷ್ಟು ವರ್ಷಗಳಲ್ಲಿ ಅವಳ ತಲೆಗೆ ಹೊಳೆದಿರಲಿಲ್ಲ. ಹೊಳೆಯುವ ಪ್ರಸಂಗವೂ ಬಂದಿರಲಿಲ್ಲ. ಅವಳನ್ನು ಜನ ಕರೆಯುತ್ತಿದ್ದುದು ಹೆರಿಗೆಯಾದ ಮೇಲೆ.

ಮೊದಲು ರುತುಜಾಗೆ ಸೊಂಟ ಹಗುರಾದಂತೆ ಅನ್ನಿಸಿದ್ದು ಸುಳ್ಳಲ್ಲ. ಅದನ್ನೇ ಬಾಳಕ್ಕ ಓಣಿಯ ತುಂಬ ಹೇಳಿಕೊಂಡು ಬಂದಳು. ಆಮೇಲೆ ಕೆಲವು ವಾರಗಳಿಗೆ ರುತುಜಾ ಪಕ್ಕೆಯ ಮೇಲೆ ಕೈಯಿಟ್ಟುಕೊಂಡು ಓಡಾಡತೊಡಗಿದಳು.

"ಅತ್ಯಾರ, ಇಲ್ಲಿ ಎದಿಗೂಡಿನ ಕೆಳಗ ಒತ್ತಿದಂಗ ಆಗತೈತ್ರಿ."

"ಅರಿವಿ ಹೊಸಾದೈತಲ್ಲಾ, ಅದಕ್ಕ. ಎಡ್ಡ ಸಲ ಒಗದ್ರ ಮೆತ್ತಗಾಗತೈತಿ" ಎಂದು ಬಾಳಕ್ಕ ಗಂಟನ್ನು ಒಂದಿಷ್ಟು ಸರಿಸಿದಳು. ತಲೆನೋವು ಎಂದಾಗ ಮಗ್ಗದ ಸದ್ದಿಗೆ ಎಂದಳು. ಮುಖ ಬಾತಿದೆ ಎಂದು ಅಮೋಲ ಹೇಳಿದಾಗ, ಅವಳಿ ಹೊತ್ತವಳ ಮುಖ ನಿನ್ನ ಮುಖದ ಹಾಗೆ ಒಣಗಿರಬೇಕೇನು ಎಂದು ಮಗನನ್ನೇ ಗದರಿದಳು. ಅಷ್ಟರಲ್ಲಿ ಏಳನೆಯ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ದಿನ ಗೊತ್ತಾಯಿತು. ಓಣಿಯ ಮರಾಠಿ ಮಂದಿ ಡೋಹಾಳ ಜೇವಣ ಎನ್ನುವ ಅದೇ ಸಂಭ್ರಮ. ಹಿಂದಿನ ಸಲಗಳಲ್ಲಿ ಪಟ್ಟಿ ಬಿಚ್ಚಿಟ್ಟು ಹೋಗಿ ತೋರಿಸಿಕೊಂಡು ಬಂದಿದ್ದರು, ಬಿಪಿಯೂ ಸರಿಯಿತ್ತು. ಈ ಸಲ ಕೊಲ್ಹಾಪುರಕ್ಕೆ ತೋರಿಸಲು ಹೋಗುವ ದಿನ ಕುಬಸದ ಸಿದ್ಧತೆಯಲ್ಲಿ ಕೊಚ್ಚಿಹೋಯಿತು. ಕುಬಸ ಮುಗಿಯಲಿ, ಮರುದಿನವೇ ಹೋದರಾಯಿತು ಎಂದಳು ಬಾಳಕ್ಕ. ಅಮೋಲ ಹೂಂ ಎಂದ. ರುತುಜಾ ಏನೋ ಹೇಳಿದಳು. ಕೆಳಗೆ ಮಗ್ಗ ನಡೆದಿತ್ತು.

ಕುಬಸದ ದಿನ ಮಾತ್ರ ಅಮೋಲ ಮಗ್ಗ ನಿಲ್ಲಿಸಿದ. ಮನೆ ಒಮ್ಮೆಲೆ ದೊಡ್ಡದಾದಂತೆ ಕಾಣಿಸಿತು. ಗಡಹಿಂಗ್ಲಜದಿಂದ ರುತುಜಾಳ ತಾಯಿ ಹಾಲವ್ವ ಜೀಪಿನ ತುಂಬ ಬಂಧುಗಳನ್ನು, ಬುಟ್ಟಿ ಬುಟ್ಟಿ ಕರ್ಚಿಕಾಯಿ, ಉಂಡಿ ತುಂಬಿಕೊಂಡು ಬಂದಿಳಿದಳು. ಹಸಿರು ಸೀರೆ ಉಟ್ಟು, ಹೂವಿನ ದಂಡೆ ಕಟ್ಟಿಕೊಂಡು ರುತುಜಾ ಮಣೆಯ ಮೇಲೆ ಕುಳಿತಳು. ಸೀರೆ ಚೆನ್ನಾಗಿ ಕೂರಲಿ, ಬಹಳ ಹೊತ್ತು ಕುಳಿತರೆ ಬೆನ್ನು ಸೋಲದಿರಲಿ ಎಂದು ಬಾಳಕ್ಕ ಆ ದಿನ ಪಟ್ಟಿಯನ್ನು ಇನ್ನಷ್ಟು ಬಿಗಿದಿದ್ದಳು.

ಬಳೆಗಾರ ಕಾಕಾಸಾಹೇಬ ಹಸಿರು ಬಳೆ ತೊಡಿಸಲು ಕುಳಿತ. ಹೋದ ಹಬ್ಬಕ್ಕೆ ತೊಡಿಸಿದ ಮಾಪಿನ ಬಳೆ ಈ ಸಲ ಬೆರಳ ಗೆಣ್ಣುಗಳನ್ನೇ ದಾಟಲಿಲ್ಲ. ಇನ್ನೂ ದೊಡ್ಡ ಮಾಪು ತೆಗೆದ. ಸಾಬೂನು ಹಚ್ಚಿದ. ಹೆಂಗಸರೆಲ್ಲ ನಕ್ಕರು.

"ಬಾಳಕ್ಕ ಸೊಸಿಗಿ ಬೆಣ್ಣಿ ತಿನಸ್ಯಾಳ ನೋಡ್ರಿ!"

ಬಾಳಕ್ಕನೂ ಹಿಗ್ಗಿ ನಕ್ಕಳು. ನಗು ಇನ್ನೂ ತುಟಿಯ ಮೇಲಿದ್ದಾಗಲೇ ಬಳೆ ಚಟಕ್ಕನೆ ಒಡೆಯಿತು. ಕುಬಸದ ಬಳೆ ಒಡೆಯುವುದೆಂದರೆ ಯಾರಿಗೆ ಎದೆ ಝಲ್ಲೆನ್ನುವುದಿಲ್ಲ? ಗಾಜು ಚುಚ್ಚಿತೇನೋ ಎಂದು ಬಾಳಕ್ಕ ಸೊಸೆಯ ಕೈ ಹಿಡಿದು ನೋಡಿದಳು. ರಕ್ತ ಬಂದಿರಲಿಲ್ಲ. ಆದರೆ ಅವಳ ಹೆಬ್ಬೆರಳು ಊರಿದ್ದ ಕಡೆ ಮಣಿಕಟ್ಟಿನಲ್ಲಿ ಗುಳಿ ಬಿದ್ದು ಹಾಗೆಯೇ ನಿಂತಿತು. ಬಸುರಿಯರ ಕಾಲು ಬಾಯುವುದನ್ನು ಅವಳು ಬೇಕಾದಷ್ಟು ಕಂಡಿದ್ದಳು. ಕೈ ಹೀಗೆ ನೀರು ತುಂಬಿಕೊಂಡದ್ದನ್ನು ಕಂಡಿರಲಿಲ್ಲ. "ಸೀರಿ ಸರಿ ಮಾಡಿಸಿ ತರತೇನಿ" ಎಂದು ಸೊಸೆಯನ್ನು ಎಬ್ಬಿಸಿಕೊಂಡು ಒಳಗಿನ ಖೋಲಿಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಗಂಟು ಬಿಚ್ಚಿದಳು. ಮಾಂಜರಪಾಟಿನ ನೇಯ್ಗೆ ರುತುಜಾಳ ಚರ್ಮದ ಮೇಲೆ ಎಳೆ ಎಳೆಯಾಗಿ ಮೂಡಿತ್ತು. ಅವಳನ್ನು ಹಾಸಿಗೆಯ ಮೇಲೆ ಮಲಗಿಸಿ ಬಾಳಕ್ಕ ಪಕ್ಕದಲ್ಲೇ ಕುಳಿತಳು.

"ಈಗ ಹಗುರಾತ?"

"ಇಲ್ರಿ ಅತ್ಯಾರ. ಹಂಗ ಐತಿ."

"ಬಿಚ್ಚೇನಲ್ಲವಾ. ಇನ್ನೇನ ಒತ್ತತೈತಿ?"

"ಬಿಚ್ಚಿದಾಗೂ ಇರತೈತ್ರಿ. ಮಲಗಿದಾಗೂ ಇರತೈತಿ. ನಾ ಹೇಳೇನಿ, ಅರಿವಿ ಮೆತ್ತಗಾಗಲಿ ಅಂದ್ರಿ." ರುತುಜಾ ಕಣ್ಣು ಮುಚ್ಚಿ ತೆರೆದಳು. "ಮುಂಜಾನಿಂದ ಕಣ್ಣ ಮುಂದ ಚಿಕ್ಕಿ ಚಿಕ್ಕಿ ಬರಾಕತ್ತಾವ. ನಿಮ್ಮ ಮಾರಿನೂ ಸರಿ ಕಾಣವಲ್ದು."

ಮಗ್ಗ ನಿಂತಿದ್ದರಿಂದ ಒಂದೊಂದು ಮಾತೂ ನಿಚ್ಚಳವಾಗಿ ಕೇಳಿಸಿತು. ಇಷ್ಟು ದಿನ ಆ ನೋವೆಲ್ಲ ಪಟ್ಟಿಯದು ಎಂದುಕೊಂಡಿದ್ದಳು. ಪಟ್ಟಿ ಕೈಯಲ್ಲಿತ್ತು, ನೋವು ಸೊಸೆಯ ಮೈಯಲ್ಲೇ ಇತ್ತು. ಹಾಗಾದರೆ ಅದು ಬೇರೆ ಯಾವುದೋ ನೋವು. ತಾನೇ ಅದಕ್ಕೆ ಬಟ್ಟೆ ಸುತ್ತಿ ಮುಚ್ಚಿಟ್ಟಿದ್ದೆ ಎಂದು ಅವಳಿಗೆ ಆ ಕ್ಷಣದಲ್ಲಿ ಗೊತ್ತಾಯಿತು.

ಅಮೋಲನನ್ನು ಕರೆದು ಡಾಕ್ಟರಿಗೆ ಫೋನು ಹಚ್ಚಿಸಿದಳು. ಮೃಣಾಲ ಎರಡೇ ಪ್ರಶ್ನೆ ಕೇಳಿ, ಎಡಮಗ್ಗುಲಿಗೆ ಮಲಗಿಸಿಕೊಂಡು ಈಗಿಂದೀಗ ಹೊರಡಿ, ಒಂದು ಗಳಿಗೆಯೂ ತಡೆಯಬೇಡಿ ಎಂದರು. ಅಮೋಲ ಗಾಡಿ ತರಲು ಓಡಿದ.

ಸೊಸೆಯನ್ನು ಹಿಡಿದುಕೊಂಡು ಬಾಳಕ್ಕ ಪಡಸಾಲೆಗೆ ಬಂದಾಗ ಹಾಲವ್ವ ಉಡಿ ತುಂಬುವ ತಾಟು ಹಿಡಿದು ನಿಂತಿದ್ದಳು. ವಿಷಯ ಕೇಳಿ ಅವಳು ದಾರಿಗೆ ಅಡ್ಡ ಬಂದಳು.

"ಬಳಿ ಬ್ಯಾರೆ ಒಡದೈತ್ರಿ. ಖಾಲಿ ಉಡಿಲೆ ಹೊಸ್ತಲಾ ದಾಟಸಬ್ಯಾಡ್ರಿ. ಐದ ಮಂದಿ ಅಕ್ಕಿ ಹಾಕಲಿ, ಆಮ್ಯಾಲೆ ಹೋಗೂಣು. ಎಷ್ಟ ಹೊತ್ತಾಗತೈತಿ?"

ಹಿರಿಯ ಹೆಂಗಸರೂ ಹೌದೆಂದರು. ಸೀರೆ ಸರಿಸಿದರೆ ಹಗುರಾಗುತ್ತದೆ ಎಂದಳೊಬ್ಬಳು. ಬಾಳಕ್ಕನ ಮನೆಯಲ್ಲಿ ಬಸುರಿಗೆ ಏನಾದೀತು, ಅವಳ ಕೈಗುಣವೇ ಇದೆಯಲ್ಲ ಎಂದಳು ಇನ್ನೊಬ್ಬಳು.

ಆ ಮಾತು ಬಾಳಕ್ಕನಿಗೆ ತಟ್ಟಿತು. ಅಲ್ಲಿ ಕುಳಿತವರಲ್ಲಿ ಅರ್ಧದಷ್ಟು ಮಂದಿಗೆ ಅವಳೇ ಹೊಟ್ಟೆ ಕಟ್ಟಿದ್ದಳು. ಸುಮ್ಮನಿದ್ದರೆ ಆ ಹೆಸರು ಉಳಿಯುತ್ತಿತ್ತು. ಅವಳು ಕೈಯಲ್ಲಿದ್ದ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಕೈಗುಣ ಬ್ಯಾಡ್ರಿ ನನಗ. ಡಾಕ್ಟರು ಕೆಳಗ ಕಟ್ಟ ಅಂದಿದ್ರು, ನಾ ಮ್ಯಾಲೆ ಕಟ್ಟೇನಿ. ಸಡಲ ಇರಲಿ ಅಂದಿದ್ರು, ಬಿಗದೇನಿ. ಹುಡುಗಿ ದಿನಾ ನೋವ ಅಂದಾಳ, ಪಟ್ಟಿದು ಅಂತ ನಾನ ಬಾಯಿ ಮುಚ್ಚಿಸೇನಿ. ತಪ್ಪ ನಂದ. ದಾರಿ ಬಿಡ್ರಿ."

ಹಾಲವ್ವ ತಾಟನ್ನು ಅಲ್ಲೇ ನೆಲಕ್ಕಿಟ್ಟು ಮಗಳ ಇನ್ನೊಂದು ರಟ್ಟೆ ಹಿಡಿದಳು.

ಕಬ್ಬಿನ ಹಂಗಾಮು. ಹಾತಕಣಂಗಲೆಯ ದಾರಿಯ ತುಂಬ ಟ್ರ್ಯಾಕ್ಟರುಗಳು, ಒಂದರ ಹಿಂದೆ ಎರಡೆರಡು ಟ್ರಾಲಿ. ಅಮೋಲ ಹಾರ್ನ್ ಒತ್ತಿ ಒತ್ತಿ ಬೈಯುತ್ತಿದ್ದ. ರುತುಜಾಳ ತಲೆ ತಾಯಿಯ ತೊಡೆಯ ಮೇಲಿತ್ತು, ಕಾಲು ಅತ್ತೆಯ ತೊಡೆಯ ಮೇಲೆ. ಇಬ್ಬರು ಬೀಗತಿಯರೂ ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ದವಾಖಾನೆಯಲ್ಲಿ ಬಿಪಿ ಅಳೆದ ಸಿಸ್ಟರು ಇನ್ನೊಮ್ಮೆ ಅಳೆದು ಓಡಿದಳು. ಫಿಟ್ಸ್ ಬರದಂತೆ ಇಂಜೆಕ್ಷನ್ ಕೊಟ್ಟರು. ತಾಯಿ ಉಳಿಯಬೇಕಾದರೆ ಕೂಸುಗಳನ್ನು ಈಗಲೇ ಹೊರಗೆ ತೆಗೆಯಬೇಕು ಎಂದರು ಮೃಣಾಲ. ಅಮೋಲ ಸಹಿ ಮಾಡಿದ. ಅದೇ ಸಂಜೆ ಒಂದು ಗಂಡು, ಒಂದು ಹೆಣ್ಣು ಹುಟ್ಟಿದವು. ಎರಡೂ ಅಂಗೈಯಗಲದ ಕೂಸುಗಳು. ಎರಡನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಗಂಡುಕೂಸಿಗೆ ಉಸಿರಾಡಲು ಆಗುತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಅದು ತೀರಿಕೊಂಡಿತು.

ಅಮೋಲ ಮತ್ತು ಗಡಹಿಂಗ್ಲಜದ ಬಂಧುಗಳು ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮಣ್ಣು ಮಾಡಲು ಹೋದರು. ಬಾಳಕ್ಕ ಆಚೆಯ ಬೆಂಚಿನ ಮೇಲೆ ಕುಳಿತಿದ್ದಳು. ಹಾಲವ್ವ ಎದುರಿಗೆ ಬಂದು ನಿಂತು, "ಊರಿಗೆಲ್ಲಾ ಕಟ್ಟಿದಂಗ ನನ್ನ ಮಗಳಿಗೂ ಕಟ್ಟಿದ್ರಿ" ಎಂದಳು. ಅಷ್ಟೇ ಹೇಳಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಬೈದಿದ್ದರೆ ಬಾಳಕ್ಕನಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಸಂಜೆ ಅವಳು ಡಾಕ್ಟರ ಖೋಲಿಯ ಬಾಗಿಲಲ್ಲಿ ನಿಂತಳು. ಒಳಗೆ ಬನ್ನಿ ಎಂದರೂ ಹೋಗಲಿಲ್ಲ.

"ಬಾಯಾರ, ನನ್ನ ಪಟ್ಟಿಯಿಂದ ಹಿಂಗ ಆತೇನ್ರಿ? ಖರೇ ಹೇಳ್ರಿ."

ಮೃಣಾಲ ಎದ್ದು ಬಂದು ಅವಳನ್ನು ಕೈಹಿಡಿದು ಕುರ್ಚಿಯಲ್ಲಿ ಕೂರಿಸಿದರು.

"ಈ ಬ್ಯಾನಿ ಪಟ್ಟಿಯಿಂದ ಬರೂದಲ್ರಿ. ಅವಳಿ ಇದ್ದವರಿಗೆ ಬರೂ ಸಂಭವ ಜಾಸ್ತಿ. ನೀವು ಪಟ್ಟಿ ಕಟ್ಟದಿದ್ರೂ ಬಿಪಿ ಏರತಿತ್ತು. ಆದ್ರ ಅಷ್ಟ ಬಿಗೀಬಾರದಿತ್ತು, ಹೊಟ್ಟಿ ಮ್ಯಾಲಂತೂ ಕಟ್ಟಬಾರದಿತ್ತು. ಅದಕ್ಕಿಂತಾ ದೊಡ್ಡ ತಪ್ಪು ಅಂದ್ರ, ಎದಿಗೂಡಿನ ಕೆಳಗ ನೋವು, ತಲಿನೋವು, ಕಣ್ಣ ಮಂಜು ಇವೆಲ್ಲಾ ಬಿಪಿದು. ಅವನ್ನ ಪಟ್ಟಿ ಮ್ಯಾಲೆ ಹಾಕಿ ಕುಂತ್ರಿ. ತೋರಸಾಕ ಬರೂ ದಿನಾನೂ ಬರಲಿಲ್ಲ."

"ಮೊದಲ ಬಂದಿದ್ರ ಉಳೀತಿತ್ತೇನ್ರಿ ಅದು?"

"ಎಡ್ಡ ದಿನ ಮೊದಲ ಬಂದಿದ್ರ ಕೂಸಿನ ಪುಪ್ಪಸಕ್ಕ ಬಲ ಬರೂ ಇಂಜೆಕ್ಷನ್ ಕೊಡಾಕ ವ್ಯಾಳೆ ಸಿಗತಿತ್ತು. ಉಳೀತಿತ್ತು ಅಂತ ನಾ ಹೇಳಂಗಿಲ್ಲ. ಉಳೀತಿರಲಿಲ್ಲ ಅಂತ ಸುಳ್ಳೂ ಹೇಳಂಗಿಲ್ಲ. ಒಂದು ಮಾತ್ರ ಖರೇ. ನಿನ್ನೆ ನೀವು ಇನ್ನೊಂದಿಷ್ಟ ಹೊತ್ತು ತಡದಿದ್ರ ನಿಮ್ಮ ಸೊಸಿ ಇರತಿರಲಿಲ್ಲ."

ಬಾಳಕ್ಕ ಕೈಮುಗಿದು ಹೊರಗೆ ಬಂದಳು. ಆ ಎರಡು ದಿನಗಳ ಲೆಕ್ಕ ಅವಳ ಪಾಲಿಗೆ ಇನ್ನು ಯಾವತ್ತೂ ಮುಗಿಯುವಂಥದ್ದಲ್ಲ.

ಹೆಣ್ಣುಕೂಸು ಬಹಳ ದಿನ ಪೆಟ್ಟಿಗೆಯಲ್ಲಿದ್ದು ಗಟ್ಟಿಯಾಯಿತು. ರುತುಜಾಳ ಬಿಪಿಯೂ ಇಳಿಯಿತು. ಹೊಲಿಗೆ ಮಾಯುವ ತನಕ ಹೊಟ್ಟೆಗೆ ಏನೂ ಕಟ್ಟಬೇಡಿ, ಆಮೇಲೆ ಬೇಕೆನಿಸಿದರೆ ನನ್ನನ್ನು ಕೇಳಿ ಎಂದು ಹೇಳಿ ಮೃಣಾಲ ಅವಳನ್ನು ಮನೆಗೆ ಕಳಿಸಿದರು. ಚೊಚ್ಚಲ ಬಾಣಂತನ ತವರಿನಲ್ಲಿ ಎಂಬ ಪದ್ಧತಿಯಂತೆ ಹಾಲವ್ವ ಮಗಳನ್ನೂ ಮೊಮ್ಮಗಳನ್ನೂ ಗಡಹಿಂಗ್ಲಜಕ್ಕೆ ಕರೆದುಕೊಂಡು ಹೋದಳು. ನೀವೂ ಬನ್ನಿ ಎಂದು ಬಾಳಕ್ಕನಿಗೆ ಹೇಳಲಿಲ್ಲ. ಹೇಳಲಿ ಎಂದು ಬಾಳಕ್ಕ ಕಾಯಲೂ ಇಲ್ಲ.

ಇಚಲಕರಂಜಿಯಲ್ಲಿ ಬಾಣಂತಿಯರ ಮನೆಗಳಿಂದ ಮತ್ತೆ ಕರೆ ಬಂತು. ಜನರಿಗೆ ನೆನಪು ಕಡಿಮೆ, ಅಥವಾ ಕರುಣೆ ಜಾಸ್ತಿ. ಬಾಳಕ್ಕ ಒಂದಕ್ಕೂ ಹೋಗಲಿಲ್ಲ. ಒಮ್ಮೆ ಮಾಣಿಕಬಾಯಿ ಎಂಬ ಜೈನರ ಹೆಂಗಸು ಬಸುರಿ ಮಗಳನ್ನೇ ಕರೆದುಕೊಂಡು ಬಂದು, ಸೊಂಟ ನೋಯುತ್ತದೆ, ಒಂದು ಪಟ್ಟಿ ಹೊಲಿದು ಕೊಡಿ ಎಂದಳು. ಬಾಳಕ್ಕ ಆ ತಾಯಿಯನ್ನು ಬಿಟ್ಟು ಹುಡುಗಿಯ ಕಡೆ ತಿರುಗಿ, "ಇನ್ನ ಎಲ್ಲೆಲ್ಲಿ ನೋವ ಐತವಾ?" ಎಂದು ಕೇಳಿದಳು. ಹುಡುಗಿ ಹೇಳುವುದನ್ನೆಲ್ಲ ಕೊನೆಯ ತನಕ ಕೇಳಿಸಿಕೊಂಡಳು. ಆಮೇಲೆ, ಮೊದಲು ಡಾಕ್ಟರಿಗೆ ತೋರಿಸಿ, ಅವರು ಯಾವುದು ಹೇಳುತ್ತಾರೋ ಅದನ್ನೇ ಕಟ್ಟಿಕೊಳ್ಳಿ, ಹೇಗೆ ಕಟ್ಟುವುದೆಂದು ಅವರ ಮುಂದೆಯೇ ಕಟ್ಟಿ ಕಲಿತುಕೊಳ್ಳಿ ಎಂದು ಹೇಳಿ ಕಳಿಸಿದಳು. ಮಾಣಿಕಬಾಯಿಗೆ ಅದು ಸರಿಬರಲಿಲ್ಲ. ಬಾಳಕ್ಕ ಮೊದಲಿನಂತಿಲ್ಲ ಎಂದು ನಾಲ್ಕು ಕಡೆ ಆಡಿಕೊಂಡಳು.

ಚಳಿ ಕಳೆದ ಮೇಲೆ ಒಂದು ದಿನ ಹಾಲವ್ವನ ಫೋನು ಬಂತು. ದನಿಯಲ್ಲಿ ಬಿರುಸಿತ್ತು. "ನಿಮ್ಮನ್ನ ಕರೀ ಅನ್ನಾಕತ್ತಾಳ. ಬರ್ರಿ ಒಮ್ಮಿ" ಎಂದಿಷ್ಟೇ ಹೇಳಿ ಇಟ್ಟಳು. ಬಾಳಕ್ಕ ಕೊಲ್ಹಾಪುರಕ್ಕೆ ಹೋಗಿ, ಅಲ್ಲಿಂದ ಎಸ್ಟಿ ಬಸ್ಸು ಹಿಡಿದು, ನಿಪ್ಪಾಣಿ ಹಾಯ್ದು ಗಡಹಿಂಗ್ಲಜ ಮುಟ್ಟಿದಳು. ದಾರಿಯುದ್ದಕ್ಕೂ ತಾನು ಕೇಳಿಸಿಕೊಳ್ಳಬೇಕಾದ ಮಾತುಗಳನ್ನು ತಾನೇ ಹೇಳಿಕೊಳ್ಳುತ್ತಿದ್ದಳು.

ರುತುಜಾ ಕೂಸನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಅಮೋಲ ಹಿಂದಿನ ವಾರವಷ್ಟೇ ಬಂದು ಹೋಗಿದ್ದ. ಕ್ಷೇಮ ಸಮಾಚಾರದ ಮಾತು ಬೇಗನೆ ಮುಗಿಯಿತು.

"ನನಗ ನಿಮ್ಮ ಮ್ಯಾಲೆ ಸಿಟ್ಟ ಐತ್ರಿ ಅತ್ಯಾರ" ಎಂದಳು ರುತುಜಾ. ಎಂದಿನಂತೆ ಮೆಲ್ಲಗೇ ಹೇಳಿದಳು. "ಇನ್ನೂ ಹೋಗಿಲ್ಲ. ಹೋಗತೈತೋ ಇಲ್ಲೋ ಗೊತ್ತಿಲ್ಲ. ಆದ್ರ ಆವತ್ತ ಎಲ್ಲಾರೂ ಅಕ್ಕಿ ಹಾಕೂಣು ಅಂದಾಗ ನೀವೊಬ್ಬರ ನನ್ನ ಹೊರಗ ತಂದ್ರಿ. ಅದೂ ಮರತಿಲ್ಲ."

ಬಾಳಕ್ಕ ತಲೆ ತಗ್ಗಿಸಿ ನಿಂತಳು. "ಸಿಟ್ಟ ಇರಲವಾ. ಇರಬೇಕಾದ್ದ" ಎಂದಳು.

"ಇಕಿ ನೀರ ಕಂಡ್ರ ಭಾಳ ಅಳತಾಳ. ನಮ್ಮವ್ವಗ ಕೈ ನಡಗತಾವ. ನೀವ ಎರೀತೀರೇನು?"

ಬಚ್ಚಲಲ್ಲಿ ಬಾಳಕ್ಕ ಸೀರೆ ಮೊಣಕಾಲಿಗೇರಿಸಿ ಮಣೆಯ ಮೇಲೆ ಕುಳಿತು ಎರಡೂ ಕಾಲು ಚಾಚಿದಳು. ರುತುಜಾ ಕೂಸನ್ನು ಆ ಕಾಲುಗಳ ಮೇಲೆ ಬೋರಲು ಮಲಗಿಸಿದಳು. ಇನ್ನೊಂದು ಕೂಸು ಹೊರಗೆ ಸರದಿ ಕಾಯುತ್ತ ಅಳಬೇಕಾಗಿತ್ತು ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಹಾಲವ್ವ ಮುಖ ತಿರುಗಿಸಿ ಬಿಸಿನೀರಿನ ಕೊಡ ತಂದಿಟ್ಟಳು.

ಬಾಳಕ್ಕ ಚರಿಗೆ ತುಂಬಿಕೊಂಡಳು. ಎಷ್ಟೋ ಕೂಸುಗಳಿಗೆ ಎರೆದ ಕೈ, ನೀರಿನ ಬಿಸಿ ಉಗುರಿನ ತುದಿಗೇ ತಿಳಿಯುತ್ತಿತ್ತು. ಆದರೂ ಚರಿಗೆಯನ್ನು ಸೊಸೆಯ ಮುಂದೆ ಹಿಡಿದಳು.

"ನೀ ಮದ್ಲ ಕೈ ಹಾಕಿ ನೋಡವಾ."

ರುತುಜಾ ಮೊಣಕೈ ಅದ್ದಿದಳು. "ಸುಡತೈತಿ. ಇನ್ನಷ್ಟ ತಣ್ಣೀರ ಹಾಕ್ರಿ."

ಬಾಳಕ್ಕ ತಣ್ಣೀರು ಬೆರೆಸಿ ಮತ್ತೆ ಹಿಡಿದಳು.

"ಇನ್ನೂ ಸ್ವಲ್ಪ."

ಮತ್ತೆ ಬೆರೆಸಿದಳು. ರುತುಜಾ ನಿಧಾನವಾಗಿ ಇನ್ನೊಮ್ಮೆ ನೋಡಿದಳು. ಬಾಳಕ್ಕ ಚರಿಗೆ ಎತ್ತಿ ಹಿಡಿದುಕೊಂಡು ಸೊಸೆಯ ಬಾಯಿಂದ ಮಾತು ಬರುವುದನ್ನೇ ಕಾಯುತ್ತ ಕುಳಿತಳು.

"ಹೂಂ, ಈಗ ಹಾಕ್ರಿ" ಎಂದಳು ರುತುಜಾ.